ಹಳೆಯ ನೀರು, ಹೊಸ ನೀರು

1975ರ ವಸಂತ. ದಕ್ಷಿಣ ನಾರ್ವೆಯ ತೋವ್ದಾಲ್ ನದಿಯ ಕಣಿವೆಯಲ್ಲಿ ಚಳಿಗಾಲದ ಹಿಮ ಕರಗಲು ತೊಡಗಿದ್ದೇ ತಡ, ನದಿಯ ಮೀನುಗಳು ಸಾಯತೊಡಗಿದವು. ಸುಮಾರು 30 ಕಿಲೋಮೀಟರ್ ಉದ್ದಕ್ಕೂ ಕಂದು ಟ್ರೌಟ್ ಮೀನುಗಳ ಹೆಣಗಳು ಕಂಡವು. ವಿಷ ಚೆಲ್ಲಿದ ಕಾರ್ಖಾನೆ ಇದೇ ಎಂದು ಬೆರಳು ಮಾಡಿ ತೋರಿಸುವಂತಹದೇನೂ ಅಲ್ಲಿರಲಿಲ್ಲ. ಹೆಲ್ಗೆ ಲೈವೆಸ್ತಾದ್ ಮತ್ತು ಈವಾರ್ ಮುನಿಜ್ ಎಂಬ ಇಬ್ಬರು ವಿಜ್ಞಾನಿಗಳು ಆ ಮೀನುಗಳ ರಕ್ತವನ್ನು ಪರೀಕ್ಷಿಸಿದರು. ರಕ್ತದಲ್ಲಿ ಇರಬೇಕಾದ ಉಪ್ಪಿನಂಶ ಸೋರಿಹೋಗಿತ್ತು. ಕಿವಿರುಗಳು ಸೋಡಿಯಂ ಮತ್ತು ಕ್ಲೋರೈಡ್‌ಗಳನ್ನು ದೇಹದೊಳಗೆ ಹಿಡಿದಿಟ್ಟುಕೊಳ್ಳುವ ಶಕ್ತಿಯನ್ನು ಕಳೆದುಕೊಂಡಿದ್ದವು. 1976ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರ ಪುಟ್ಟ ಲೇಖನ ಪ್ರಕಟವಾಯಿತು: ಮೀನುಗಳನ್ನು ಕೊಂದದ್ದು ನೀರಿನ ಆಮ್ಲತೆ.

ಆದರೆ ಆ ನದಿ ಆಮ್ಲೀಯವಾಗಿದ್ದದ್ದು ಆ ವರ್ಷವೇ ಅಲ್ಲ. ಹಿಂದಿನ ಬೇಸಗೆಯನ್ನೂ ಚಳಿಗಾಲವನ್ನೂ ಅದೇ ನೀರಿನಲ್ಲಿ ಕಳೆದಿದ್ದ ಮೀನುಗಳು ಪ್ರವಾಹದ ಆ ಕೆಲವೇ ದಿನಗಳಲ್ಲಿ ಏಕೆ ಸತ್ತವು? ವರ್ಷವಿಡೀ ತಾಳಬಹುದಾಗಿದ್ದ ನೀರು ನದಿ ಉಬ್ಬಿದೊಡನೆ ತಾಳಲಾರದ್ದಾದದ್ದು ಹೇಗೆ?

ಕಾಡಿನ ತೊರೆಯೊಂದರಲ್ಲಿ ನೀರು ಏರಿದಾಗ ಅದರ ರಸಾಯನ ಹೇಗೆ ಬದಲಾಗುತ್ತದೆ ಎಂಬುದು ಮೇಲ್ನೋಟಕ್ಕೆ ಪ್ರಯೋಗಶಾಲೆಯ ನಾಲ್ಕು ಗೋಡೆಗಳೊಳಗಿನ ಸಂಗತಿ. ಆದರೆ 1970 ಮತ್ತು 80ರ ದಶಕಗಳಲ್ಲಿ ಎರಡು ದೇಶಗಳ ಸರ್ಕಾರಗಳು ಮುನಿಸಿಕೊಂಡು ಕೂತದ್ದು ಬಹುಮಟ್ಟಿಗೆ ಇದೇ ಪ್ರಶ್ನೆಯ ಸುತ್ತ. ನಮ್ಮ ಕಡೆ ಮುಂಗಾರಿಗೆ ಹೊಳೆ ಕೆಂಪಾಗಿ ಉಕ್ಕಿದಾಗ ‘ಹೊಸ ನೀರು ಬಂತು’ ಎನ್ನುತ್ತೇವೆ. ಹೊಸ ನೀರು ಹಳೆ ನೀರನ್ನು ಕೊಚ್ಚಿಕೊಂಡು ಹೋಗುತ್ತದೆ ಎಂಬ ಗಾದೆಯೂ ನಮ್ಮಲ್ಲಿದೆ. ನಾರ್ವೆಯ ಕತೆಯನ್ನು ಓದುತ್ತ ಹೋದಂತೆ ಈ ಗಾದೆಯೇ ತಲೆಕೆಳಗಾಗುವುದನ್ನು ಕಂಡೆ. ಈ ಬರಹಕ್ಕೆ ಕಾರಣವೂ ಅದೇ.

ಕೊಂಚ ಹಿಂದಕ್ಕೆ ಹೋಗಬೇಕು. ಕಲ್ಲಿದ್ದಲಿನ ಹೊಗೆ ಮಳೆಯನ್ನು ಆಮ್ಲೀಯಗೊಳಿಸುತ್ತದೆ ಎಂಬುದನ್ನು ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ರಾಬರ್ಟ್ ಆ್ಯಂಗಸ್ ಸ್ಮಿತ್ 1852ರಲ್ಲೇ ಮ್ಯಾಂಚೆಸ್ಟರ್ ನಗರದ ಮಳೆನೀರನ್ನು ಪರೀಕ್ಷಿಸಿ ತೋರಿಸಿದ್ದ. 1872ರಲ್ಲಿ ಆತ ಬರೆದ ‘ಏರ್ ಅಂಡ್ ರೇನ್’ ಎಂಬ ಗ್ರಂಥದಲ್ಲಿ ‘ಆಮ್ಲ ಮಳೆ’ ಎಂಬ ಮಾತು ಬಂದಿದೆ. ಆದರೆ ಆತನ ಕಾಲದಲ್ಲಿ ಅದು ಊರಿನ ಕಾಯಿಲೆ. ಹೊಗೆ ಎಲ್ಲಿ ಏಳುತ್ತದೋ ಅಲ್ಲೇ ಬೀಳುತ್ತದೆ ಎಂಬ ತಿಳಿವಳಿಕೆಯಿತ್ತು. ದಕ್ಷಿಣ ನಾರ್ವೆಯ ನದಿಗಳಲ್ಲಿ ಸಾಲ್ಮನ್ ಮೀನಿನ ಹಿಡಿತ ಇಪ್ಪತ್ತನೆಯ ಶತಮಾನದ ಆರಂಭದಿಂದಲೇ ಇಳಿಯುತ್ತ ಬಂದಿತ್ತು. 1920ರ ದಶಕದಲ್ಲಿ ಮರಿಮಾಡುವ ಕೇಂದ್ರಗಳಲ್ಲಿ ಮೊಟ್ಟೆಗಳು ಕೆಡುತ್ತಿದ್ದುದನ್ನು ಕಂಡವರು ನೀರು ಹುಳಿಯಾಗಿದೆ ಎಂದು ಊಹಿಸಿ ಸುಣ್ಣಕಲ್ಲಿನ ಮೇಲೆ ನೀರು ಹಾಯಿಸಿ ನೋಡಿದ್ದರು. ಹುಳಿಯ ಮೂಲ ಆಕಾಶದಲ್ಲಿರಬಹುದು ಎಂದು ಆಲ್ಫ್ ದಾನ್ನೆವಿಗ್ ಬರೆದದ್ದು 1959ರಲ್ಲಿ, ಬೇಟೆ ಮತ್ತು ಮೀನುಗಾರಿಕೆಗೆ ಸಂಬಂಧಿಸಿದ ಒಂದು ಪತ್ರಿಕೆಯಲ್ಲಿ. ಇಂತಹ ಮಾತು ಮೊದಲು ಬರುವುದು ದೊಡ್ಡ ವಿದ್ವತ್ ಪತ್ರಿಕೆಗಳಲ್ಲಲ್ಲ ಎಂಬುದನ್ನು ಗಮನಿಸಬೇಕು.

1967ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ಮಣ್ಣುವಿಜ್ಞಾನಿ ಸ್ವಾಂತೆ ಉದೇನ್ ‘ದಾಗೆನ್ಸ್ ನೀಹೇತರ್’ ದಿನಪತ್ರಿಕೆಯಲ್ಲಿ ಇಡೀ ಚಿತ್ರವನ್ನು ಜೋಡಿಸಿಕೊಟ್ಟರು: ಬ್ರಿಟನ್ ಮತ್ತು ಮಧ್ಯ ಯುರೋಪಿನ ಗಂಧಕದ ಹೊಗೆ ಗಾಳಿಯಲ್ಲಿ ಸಾವಿರಾರು ಕಿಲೋಮೀಟರ್ ಸಾಗಿ ಸ್ಕ್ಯಾಂಡಿನೇವಿಯಾದ ಮೇಲೆ ಮಳೆಯಾಗಿ, ಹಿಮವಾಗಿ ಇಳಿಯುತ್ತಿದೆ. ಇದನ್ನು ದೇಶಗಳ ನಡುವಿನ ಒಂದು ರಾಸಾಯನಿಕ ಯುದ್ಧ ಎಂಬ ಅರ್ಥದಲ್ಲಿ ಅವರು ಬಣ್ಣಿಸಿದ್ದರು. 1972ರ ಜೂನ್‌ನಲ್ಲಿ ಸ್ಟಾಕ್‌ಹೋಮಿನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ನಡೆಯಿತು. ನಮ್ಮಲ್ಲಿ ಆ ಸಮ್ಮೇಳನವನ್ನು ಬಡತನ ಮತ್ತು ಮಾಲಿನ್ಯದ ಬಗ್ಗೆ ಇಂದಿರಾ ಗಾಂಧಿಯವರು ಮಾಡಿದ ಭಾಷಣಕ್ಕಾಗಿ ನೆನೆಯುವುದೇ ಹೆಚ್ಚು. ಆದರೆ ಆತಿಥೇಯ ಸ್ವೀಡನ್ ಅಲ್ಲಿ ಮುಂದಿಟ್ಟ ಮುಖ್ಯ ದೂರು ಗಡಿ ದಾಟಿ ಬರುವ ಈ ಗಂಧಕದ್ದೇ ಆಗಿತ್ತು.

ಬ್ರಿಟನ್ನಿಗೆ ಈ ದೂರು ಹಿಡಿಸಲಿಲ್ಲ. 1952ರ ಲಂಡನ್ ಹೊಗೆಮಂಜಿನಲ್ಲಿ ಸಾವಿರಾರು ಜನ ಸತ್ತ ಮೇಲೆ ಆ ದೇಶ 1956ರಲ್ಲಿ ಶುದ್ಧ ಗಾಳಿಯ ಕಾಯಿದೆ ತಂದಿತ್ತು. ವಿದ್ಯುತ್ ಸ್ಥಾವರಗಳಿಗೆ 200 ಮೀಟರಿಗೂ ಎತ್ತರದ ಚಿಮಣಿಗಳನ್ನು ಕಟ್ಟಿತ್ತು. ಹೊಗೆ ಊರ ಮೇಲೆ ಬೀಳದೆ ಎತ್ತರದ ಗಾಳಿಯಲ್ಲಿ ಚದುರಿ ತೆಳುವಾಗಿ ಹೋಗುತ್ತದೆ ಎಂಬ ನಂಬಿಕೆ. ಹೊಗೆ ಹೋಯಿತು, ನಿಜ. ನೈಋತ್ಯದ ಗಾಳಿಯೊಂದಿಗೆ ಉತ್ತರ ಸಮುದ್ರ ದಾಟಿ ಹೋಯಿತು.

ದಕ್ಷಿಣ ನಾರ್ವೆಯ ನೆಲದ ಸ್ವಭಾವವನ್ನು ಇಲ್ಲಿ ಹೇಳಬೇಕು. ಹಿಮಯುಗದಲ್ಲಿ ಹೆರೆದುಹೋದ ಗ್ರಾನೈಟ್ ಬಂಡೆ. ಅದರ ಮೇಲೆ ತೆಳುವಾದ ಮಣ್ಣು. ಮಣ್ಣಿನ ಮೇಲೆ ಸ್ಪ್ರೂಸ್ ಮತ್ತು ಪೈನ್ ಮರಗಳ ಸೂಜಿ ಎಲೆಗಳು ಕೊಳೆತು ಆದ ಕಪ್ಪು ಹೊದಿಕೆ. ಸುಣ್ಣದಂಶ ಕಡಿಮೆ. ಪಿಎಚ್ ಎಂಬ ಅಳತೆಯಲ್ಲಿ 7 ಎಂದರೆ ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ ನೀರು. ಒಂದೊಂದು ಅಂಕ ಇಳಿದಂತೆ ಆಮ್ಲತೆ ಹತ್ತು ಹತ್ತು ಪಟ್ಟು ಏರುತ್ತದೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಮಾತ್ರ ಕರಗಿದ ಮಳೆಯ ಪಿಎಚ್ ಸುಮಾರು 5.6. 1970ರ ದಶಕದಲ್ಲಿ ದಕ್ಷಿಣ ನಾರ್ವೆಯ ಮಳೆಯದು ಸರಾಸರಿ 4.3ರ ಆಸುಪಾಸು. ಅಂದರೆ ಹುಳಿ ಸುಮಾರು ಇಪ್ಪತ್ತು ಪಟ್ಟು.

ಹಿಮದ ಸಂಗತಿ ಇನ್ನೂ ವಿಚಿತ್ರ. ಚಳಿಗಾಲವಿಡೀ ಬಿದ್ದ ಹಿಮದಲ್ಲಿ ಆಮ್ಲ ಕೂಡಿರುತ್ತದೆ. ಆದರೆ ಹಿಮ ಕರಗುವಾಗ ಅದು ಸಮಪಾಲಾಗಿ ಹೊರಬರುವುದಿಲ್ಲ. ಹಿಮದ ಹರಳುಗಳು ಅಶುದ್ಧಿಯನ್ನು ತಮ್ಮ ಮೇಲ್ಮೈಗೆ ತಳ್ಳಿರುತ್ತವೆ; ಮೊದಲ ಹನಿ ಅದನ್ನು ತೊಳೆದುಕೊಂಡೇ ಇಳಿಯುತ್ತದೆ. ಮೊದಲು ಕರಗಿದ ಶೇ. 30ರಷ್ಟು ನೀರಿನಲ್ಲಿ ಹಿಮದೊಳಗಿನ ಮಾಲಿನ್ಯದ ಶೇ. 50ರಿಂದ 80ರಷ್ಟು ಹೊರಬರುತ್ತದೆ ಎಂದು ಯೋಹಾನ್ನೆಸೆನ್ ಮತ್ತು ಹೆನ್ರಿಕ್ಸೆನ್ 1978ರಲ್ಲಿ ತೋರಿಸಿದರು. ತೋವ್ದಾಲ್ ನದಿಯ ಮೀನುಗಳ ಸಾವಿಗೆ ಇದೇ ಉತ್ತರ ಎಂದು ಹಲವರಿಗೆ ತೋರಿತು. ಉತ್ತರದ ಒಂದು ಭಾಗ ಇದು, ನಿಜ. ಆದರೆ ಹಿಮವೇ ಇಲ್ಲದ ಶರತ್ಕಾಲದ ಮಳೆಯಲ್ಲೂ ತೊರೆಗಳು ಹಾಗೆಯೇ ಹುಳಿಯಾಗುತ್ತಿದ್ದವು.

ಈ ಹೊತ್ತಿಗೆ ನಾರ್ವೆ ‘ಆಮ್ಲ ಮಳೆ, ಕಾಡು ಮತ್ತು ಮೀನು’ ಎಂಬ ದೊಡ್ಡ ಸಂಶೋಧನಾ ಯೋಜನೆಯನ್ನು ನಡೆಸುತ್ತಿತ್ತು, 1972ರಿಂದ 1980ರವರೆಗೆ. ಅದರ ನಡುವೆಯೇ, 1977ರಲ್ಲಿ, ಓಸ್ಲೋ ವಿಶ್ವವಿದ್ಯಾಲಯದ ಭೂವಿಜ್ಞಾನದ ಪ್ರಾಧ್ಯಾಪಕ ಈವಾನ್ ರೋಸೆನ್‌ಕ್ವಿಸ್ತ್ ‘ಹುಳಿ ಮಣ್ಣು, ಹುಳಿ ನೀರು’ ಎಂಬರ್ಥದ ಶೀರ್ಷಿಕೆಯ ಪುಸ್ತಕವೊಂದನ್ನು ಹೊರತಂದರು. ಜೇಡಿಮಣ್ಣಿನ ಕುರಿತ ಕೆಲಸದಿಂದ ಹೆಸರಾಗಿದ್ದವರು. ಯಾರ ಮುಲಾಜೂ ಇಲ್ಲದೆ ಮಾತಾಡಬಲ್ಲವರು. ಅವರ ವಾದವನ್ನು ಸಂಗ್ರಹಿಸಿದರೆ ಇಷ್ಟು: ಮಳೆ ಬಿದ್ದ ನೀರು ನೇರವಾಗಿ ತೊರೆಗೆ ಹೋಗುವುದಿಲ್ಲ, ಮಣ್ಣಿನ ಮೂಲಕ ಹೋಗುತ್ತದೆ. ಕಾಡಿನ ಮಣ್ಣಿನಲ್ಲಿ ಕೂಡಿರುವ ಆಮ್ಲದ ಮುಂದೆ ಒಂದು ವರ್ಷದ ಮಳೆಯಲ್ಲಿ ಬರುವ ಆಮ್ಲ ಅಲ್ಪ. ಹಿಂದೆ ಬೆಟ್ಟದ ಮೇಲೆ ಬೇಸಗೆಯ ದನಕರುಗಳ ಮೇಯುವಿಕೆ ಇತ್ತು, ಹುಲ್ಲು ಕೊಯ್ಯುತ್ತಿದ್ದರು, ಕುರುಚಲನ್ನು ಸುಡುತ್ತಿದ್ದರು. ಜನ ಆ ಬೇಸಾಯವನ್ನು ಬಿಟ್ಟ ಮೇಲೆ ಕಾಡು ಮರಳಿ ಬಂತು, ಕೊಳೆತ ಎಲೆಯ ಹೊದಿಕೆ ದಪ್ಪವಾಯಿತು, ಮಣ್ಣು ಹುಳಿಯಾಯಿತು. ಆದ್ದರಿಂದ ತೊರೆಯ ಹುಳಿ ಮಣ್ಣಿನದು, ಮಳೆಯದಲ್ಲ.

ಬ್ರಿಟನ್ನಿನ ವಿದ್ಯುತ್ ಮಂಡಳಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಿರಲಿಲ್ಲ. ಅದೂ ನಾರ್ವೆಯ ಪ್ರಾಧ್ಯಾಪಕರ ಬಾಯಿಂದಲೇ! ಆದರೆ ಎದುರಾಳಿಗೆ ಅನುಕೂಲವಾಯಿತೆಂಬ ಕಾರಣಕ್ಕೆ ವಾದವೊಂದನ್ನು ತಳ್ಳಿಹಾಕುವುದು ವಿದ್ವತ್ತಿನ ಲಕ್ಷಣವಲ್ಲ. ರೋಸೆನ್‌ಕ್ವಿಸ್ತ್ ಎತ್ತಿದ್ದು ಸರಿಯಾದ ಪ್ರಶ್ನೆ. ತೊರೆಯಲ್ಲಿ ಹರಿಯುವ ನೀರು ಯಾವ ದಾರಿಯಲ್ಲಿ ಬಂತು, ದಾರಿಯಲ್ಲಿ ಏನನ್ನು ಮುಟ್ಟಿತು? ಅವರನ್ನು ಒಪ್ಪದವರು ಈ ಪ್ರಶ್ನೆಗೆ ಉತ್ತರ ಕೊಡಲೇಬೇಕಾಯಿತು. ಮುಂದಿನ ಹದಿನೈದು ವರ್ಷಗಳ ಒಳ್ಳೆಯ ಕೆಲಸವೆಲ್ಲ ಆ ಒತ್ತಾಯದಿಂದಲೇ ಹುಟ್ಟಿತೆಂದು ನನಗನಿಸುತ್ತದೆ.

ಉತ್ತರ ಹುಡುಕಿದ ಜಾಗಗಳಲ್ಲಿ ಮುಖ್ಯವಾದದ್ದು ಬಿರ್ಕೆನೆಸ್. ದಕ್ಷಿಣ ನಾರ್ವೆಯ ಒಂದು ಪುಟ್ಟ ಕಾಡುಕಣಿವೆ, ವಿಸ್ತಾರ 0.41 ಚದರ ಕಿಲೋಮೀಟರ್, ಅಂದರೆ ನೂರು ಎಕರೆಗೆ ತುಸು ಹೆಚ್ಚು. ನಮ್ಮ ಮಲೆನಾಡಿನ ಒಂದು ಸಾಧಾರಣ ಕಾಫಿ ತೋಟದಷ್ಟು. ತೊರೆಗೆ ಅಡ್ಡಲಾಗಿ ಅಳತೆಯ ಒಡ್ಡು ಕಟ್ಟಿ 1972ರಿಂದ ಹರಿವನ್ನೂ ರಸಾಯನವನ್ನೂ ಬಿಡದೆ ದಾಖಲಿಸುತ್ತ ಬಂದಿದ್ದರು. ಹರಿವು ಕಡಿಮೆಯಿದ್ದಾಗ ತೊರೆಯ ಪಿಎಚ್ 5ರ ಹತ್ತಿರ ಅಥವಾ ಅದಕ್ಕಿಂತ ಮೇಲೆ. ಮಳೆ ಬಂದು ಹರಿವು ಏರಿದರೆ ಸುಮಾರು 4.5ಕ್ಕೆ ಇಳಿಯುತ್ತಿತ್ತು. ಕ್ಯಾಲ್ಸಿಯಂ ತೆಳುವಾಗುತ್ತಿತ್ತು, ಅಲ್ಯೂಮಿನಿಯಂ ಏರುತ್ತಿತ್ತು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹಬ್ಬರ್ಡ್ ಬ್ರೂಕ್ ಕಾಡಿನಲ್ಲಿ ನಾಯ್ ಜಾನ್ಸನ್ ಮತ್ತು ಸಂಗಡಿಗರು 1969ರಲ್ಲಿ ಇಂಥದೇ ಒಂದು ಕ್ರಮವನ್ನು ಗುರುತಿಸಿದ್ದರು: ಹರಿವು ಏರಿದಂತೆ ಸೋಡಿಯಂ, ಸಿಲಿಕಾ ತೆಳುವಾಗುತ್ತವೆ, ಆಮ್ಲ, ಅಲ್ಯೂಮಿನಿಯಂ, ನೈಟ್ರೇಟ್ ಗಟ್ಟಿಯಾಗುತ್ತವೆ.

ಅಲ್ಯೂಮಿನಿಯಂ ಎಂದೊಡನೆ ಬೇರೆಲ್ಲಿಂದಲೋ ಬಂದ ವಿಷ ಎಂದುಕೊಳ್ಳಬಾರದು. ಭೂಮಿಯ ಹೊರಪದರದಲ್ಲಿ ಆಮ್ಲಜನಕ, ಸಿಲಿಕಾನ್‌ಗಳ ನಂತರ ಅತಿ ಹೆಚ್ಚಾಗಿರುವ ಧಾತು ಅದು. ಸಾಮಾನ್ಯ ನೀರಿನಲ್ಲಿ ಕರಗದೆ ಮಣ್ಣಿನಲ್ಲಿ ತೆಪ್ಪಗೆ ಕೂತಿರುತ್ತದೆ. ಪಿಎಚ್ 5ಕ್ಕಿಂತ ಕೆಳಗಿಳಿದರೆ ಕರಗಿ ಹೊರಡುತ್ತದೆ. ಮೀನಿನ ಕಿವಿರಿನ ಮೇಲೆ ಕೂತು ಉಪ್ಪಿನ ಸಮತೋಲನವನ್ನೂ ಉಸಿರನ್ನೂ ಕೆಡಿಸುತ್ತದೆ. ಅದೇ ಅಲ್ಯೂಮಿನಿಯಂ ಕೊಳೆತ ಎಲೆಯಿಂದ ಬಂದ ಸಾವಯವ ಪದಾರ್ಥಕ್ಕೆ ಅಂಟಿಕೊಂಡಿದ್ದರೆ ಅಷ್ಟು ಅಪಾಯಕಾರಿಯಲ್ಲ ಎಂದು ಚಾರ್ಲ್ಸ್ ಡ್ರಿಸ್ಕಾಲ್ ಮತ್ತು ಸಂಗಡಿಗರು 1980ರಲ್ಲಿ ತೋರಿಸಿದರು. ಕಂದು ಬಣ್ಣದ ಹುಳಿ ನೀರಿನಲ್ಲಿ ಮೀನು ಬದುಕಬಹುದು. ಸ್ಫಟಿಕದಂತೆ ಕಾಣುವ ಹುಳಿ ನೀರಿನಲ್ಲಿ ಸಾಯಬಹುದು.

1982ರಲ್ಲಿ ನಿಲ್ಸ್ ಕ್ರಿಸ್ತೋಫರ್ಸೆನ್, ಹಾನ್ಸ್ ಮಾರ್ಟಿನ್ ಸೈಪ್ ಮತ್ತು ರಿಚರ್ಡ್ ರೈಟ್ ‘ಬಿರ್ಕೆನೆಸ್ ಮಾದರಿ’ಯನ್ನು ಪ್ರಕಟಿಸಿದರು. ಮಾದರಿ ಎಂದರೆ ಎರಡು ತೊಟ್ಟಿಗಳು. ಮೇಲಿನ ತೊಟ್ಟಿ ಕಾಡಿನ ಮೇಲ್ಮಣ್ಣು: ಹುಳಿ, ಅಲ್ಯೂಮಿನಿಯಂ, ಸಲ್ಫೇಟ್ ತುಂಬಿದ್ದು. ಕೆಳಗಿನದು ಆಳದ ಮಣ್ಣು: ಅಲ್ಲಿ ನೀರು ನಿಧಾನವಾಗಿ ಕಲ್ಲನ್ನು ಕರಗಿಸುತ್ತ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಪಡೆದು ಹುಳಿಯನ್ನು ಕಳೆದುಕೊಳ್ಳುತ್ತದೆ. ಒಣ ದಿನಗಳಲ್ಲಿ ತೊರೆಗೆ ಬರುವುದು ಕೆಳಗಿನ ತೊಟ್ಟಿಯ ನೀರು. ಮಳೆ ಸುರಿದಾಗ ಮೇಲಿನ ತೊಟ್ಟಿ ತುಂಬಿ ಅಡ್ಡಲಾಗಿ ಹರಿದು ತೊರೆಗೆ ಸೇರುತ್ತದೆ. ಹರಿವು ಏರಿದಾಗ ತೊರೆ ಹುಳಿಯಾಗುವುದು ಮಳೆ ಹುಳಿಯಾಗಿರುವುದರಿಂದ ಮಾತ್ರವಲ್ಲ. ನೀರು ಆಳಕ್ಕಿಳಿಯದೆ ಹುಳಿ ಮಣ್ಣಿನ ಮೂಲಕವೇ ಹಾದು ಬರುವುದರಿಂದ. ಇಷ್ಟರ ಮಟ್ಟಿಗೆ ರೋಸೆನ್‌ಕ್ವಿಸ್ತ್ ಸರಿ.

ಅವರ ವಾದದ ಸೋಲು ಬೇರೆ ಕಡೆ ಇತ್ತು. ನೀರಿನಲ್ಲಿ ಧನಾವೇಶದ ಕಣಗಳು ಒಂಟಿಯಾಗಿ ಪಯಣಿಸಲಾರವು. ಪ್ರತಿಯೊಂದಕ್ಕೂ ಅಷ್ಟೇ ಋಣಾವೇಶದ ಜೊತೆಗಾರ ಬೇಕು. ಮಣ್ಣಿನಲ್ಲಿ ಎಷ್ಟೇ ಆಮ್ಲ, ಎಷ್ಟೇ ಅಲ್ಯೂಮಿನಿಯಂ ಕೂಡಿಟ್ಟಿರಲಿ, ಹೊತ್ತೊಯ್ಯಲು ಜೊತೆಗಾರ ಇಲ್ಲದಿದ್ದರೆ ಅದು ಮಣ್ಣಿನಲ್ಲೇ ಉಳಿಯುತ್ತದೆ. ಕಣಜ ತುಂಬಿದ್ದ ಮಾತ್ರಕ್ಕೆ ಭತ್ತ ಪೇಟೆ ಸೇರುವುದಿಲ್ಲ, ಗಾಡಿ ಕಟ್ಟಬೇಕು. ಕಲ್ಲಿದ್ದಲಿನ ಹೊಗೆಯಿಂದ ಮಳೆಯೊಂದಿಗೆ ಬಂದ ಸಲ್ಫೇಟ್ ಆ ಗಾಡಿ. ಮಣ್ಣಿಗೆ ಅದನ್ನು ಹಿಡಿದಿಡುವ ಶಕ್ತಿ ಈ ನೆಲದಲ್ಲಿ ಕಡಿಮೆ. ಅದು ಹೊರಟಾಗಲೆಲ್ಲ ಮೊದಲು ಕ್ಯಾಲ್ಸಿಯಮ್ಮನ್ನು, ಕ್ಯಾಲ್ಸಿಯಂ ಬರಿದಾದ ಮೇಲೆ ಆಮ್ಲವನ್ನೂ ಅಲ್ಯೂಮಿನಿಯಮ್ಮನ್ನೂ ಎಳೆದುಕೊಂಡು ತೊರೆಗೆ ಬರುತ್ತದೆ. ಇದೇ ‘ಚಲಿಸುವ ಋಣ ಅಯಾನು’ ಎಂಬ ತತ್ವ. ಸೈಪ್ 1980ರ ಹೊತ್ತಿಗೆ ಇದನ್ನು ಸ್ಪಷ್ಟವಾಗಿ ಮಂಡಿಸಿದರು. ಕಣಜ ಹಳೆಯದು, ಕಾಡಿನದು. ಗಾಡಿ ಹೊಸದು, ಹೊರಗಿನದು.

ಮಳೆಯಲ್ಲಿ ಸಮುದ್ರದ ಉಪ್ಪು ಬಂದರೂ ಇದೇ ಆಗುತ್ತದೆ ಎಂಬುದು ಈ ತತ್ವಕ್ಕೆ ಸಿಕ್ಕ ವಿಚಿತ್ರ ಸಾಕ್ಷಿ. ಬಿರುಗಾಳಿಗೆ ಕಡಲ ತುಂತುರು ಒಳನಾಡಿಗೆ ಬಂದು ಬಿದ್ದಾಗ ಉಪ್ಪಿನ ಸೋಡಿಯಂ ಮಣ್ಣಿನಲ್ಲಿ ಕೂತು ಅಲ್ಲಿದ್ದ ಆಮ್ಲವನ್ನು ಎಬ್ಬಿಸುತ್ತದೆ, ಕ್ಲೋರೈಡ್ ಅದನ್ನು ಹೊತ್ತು ತೊರೆಗೆ ತರುತ್ತದೆ. ಅಡುಗೆ ಉಪ್ಪಿನಲ್ಲಿ ಹುಳಿಯೇ ಇಲ್ಲ. ಆದರೂ ತೊರೆ ಹುಳಿಯಾಗುತ್ತದೆ. 1993ರ ಜನವರಿಯ ಚಂಡಮಾರುತಗಳ ನಂತರ ದಕ್ಷಿಣ ನಾರ್ವೆಯಲ್ಲಿ ಹೀಗೆಯೇ ಮೀನುಗಳು ಸತ್ತವು.

ಇಲ್ಲಿಗೆ ಕತೆ ಮುಗಿಯಬೇಕಿತ್ತು. ಮುಗಿಯಲಿಲ್ಲ; ಏಕೆಂದರೆ ಹೊಸ ನೀರಿನ ಪ್ರಶ್ನೆ ಹಾಗೇ ಉಳಿದಿತ್ತು.

ಪ್ರವಾಹದ ನೀರು ಎಲ್ಲಿಂದ ಬರುತ್ತದೆ ಎಂಬುದರ ಬಗ್ಗೆ 1933ರಿಂದ ಅಮೆರಿಕದ ಇಂಜಿನಿಯರ್ ರಾಬರ್ಟ್ ಹಾರ್ಟನ್ ಹೇಳಿದ್ದೇ ಪಾಠವಾಗಿತ್ತು: ನೆಲ ಹೀರುವುದಕ್ಕಿಂತ ವೇಗವಾಗಿ ಮಳೆ ಸುರಿದರೆ ಮಿಕ್ಕದ್ದು ನೆಲದ ಮೇಲೆ ಹರಿದು ಹೊಳೆ ಸೇರುತ್ತದೆ. ಉತ್ತ ಹೊಲಕ್ಕೆ ಇದು ಸರಿ. ಕಾಡಿನಲ್ಲಿ ಓಡಾಡಿದವರಿಗೆ ಇದು ಸುಳ್ಳೆಂದು ಗೊತ್ತು. ಎಲೆಹಾಸಿನ ನೆಲ ಎಂತಹ ಜಡಿಮಳೆಯನ್ನೂ ಕುಡಿಯುತ್ತದೆ. ಹಾಗಾದರೆ ಕಾಡಿನ ತೊರೆ ಗಂಟೆಗಳಲ್ಲೇ ಉಬ್ಬುವುದು ಹೇಗೆ? ಉತ್ತರ ಕೊಟ್ಟದ್ದು ನೀರಿನೊಳಗಿನ ಆಮ್ಲಜನಕ. ಆಮ್ಲಜನಕದಲ್ಲಿ 18 ತೂಕದ ಒಂದು ವಿರಳ ಬಗೆಯಿದೆ. ಒಂದೊಂದು ಮಳೆಯಲ್ಲೂ ಅದರ ಪ್ರಮಾಣ ಬೇರೆ ಬೇರೆ. ಆದ್ದರಿಂದ ಅದು ನೀರಿಗೆ ಹಚ್ಚಿದ ಗುರುತಿನಂತೆ. ಈಗ ಬಿದ್ದ ಮಳೆ ಯಾವುದು, ಮೊದಲೇ ನೆಲದಲ್ಲಿದ್ದ ನೀರು ಯಾವುದು ಎಂದು ಬಿಡಿಸಿ ಹೇಳಬಹುದು. ಕೆನಡಾದಲ್ಲಿ ಕೆಲಸ ಮಾಡುತ್ತಿದ್ದ ಸ್ಕ್ಲಾಶ್ ಮತ್ತು ಫಾರ್ವೋಲ್ಡನ್ 1979ರಲ್ಲಿ ಪ್ರಕಟಿಸಿದ ಲೇಖನ ಈ ಮಾತನ್ನು ಗಟ್ಟಿಮಾಡಿತು: ಪ್ರವಾಹದ ನೀರಿನಲ್ಲಿ ದೊಡ್ಡ ಪಾಲು ಈಗಷ್ಟೇ ಬಿದ್ದ ಮಳೆಯಲ್ಲ, ಮಳೆಗೆ ಮೊದಲೇ ನೆಲದಲ್ಲಿ ಕೂತಿದ್ದ ನೀರು. ಜಲವಿಜ್ಞಾನಿಗಳು ಇವಕ್ಕೆ ಇಟ್ಟ ಹೆಸರೂ ‘ಹಳೆ ನೀರು’, ‘ಹೊಸ ನೀರು’ ಎಂದೇ! ಗಾದೆಗೆ ವಿರುದ್ಧವಾಗಿ, ಹೊಸ ನೀರು ಬಂದು ನೆಲದಲ್ಲಿ ನಿಲ್ಲುತ್ತದೆ. ಹಳೆ ನೀರನ್ನು ಎಬ್ಬಿಸಿ ಹೊಳೆಗೆ ಕಳಿಸುತ್ತದೆ.

ಮಲೆನಾಡಿನಲ್ಲಿ ಬೆಳೆದವರಿಗೆ ಇದು ಅಷ್ಟೇನೂ ಅಪರಿಚಿತವಲ್ಲ. ಮುಂಗಾರಿನ ಮೊದಲ ವಾರಗಳಲ್ಲಿ ಎಷ್ಟೇ ಹೊಡೆದರೂ ಗುಡ್ಡದ ಒರತೆಗಳು ಏಳುವುದಿಲ್ಲ. ನೆಲ ಕುಡಿದು ತಣಿಯಬೇಕು. ಆಷಾಢದಲ್ಲಿ ಒಂದು ದಿನ, ಹಿತ್ತಿಲ ದರೆಯಿಂದ ತಣ್ಣಗಿನ ತಿಳಿನೀರು ತಾನಾಗಿ ಒಸರತೊಡಗುತ್ತದೆ. ಅದು ಆ ದಿನದ ಮಳೆಯಲ್ಲವೆಂದು ಹೇಳಲು ಯಾರಿಗೂ ಯಂತ್ರ ಬೇಕಾಗಿರಲಿಲ್ಲ.

ಬಿರ್ಕೆನೆಸ್ ತೊರೆಯಲ್ಲೂ ಇದೇ ಪರೀಕ್ಷೆ ನಡೆಯಿತು. 1985ರಲ್ಲಿ ಕ್ರಿಸ್ತೋಫರ್ಸೆನ್ ಮತ್ತು ಸಂಗಡಿಗರು ಆಮ್ಲಜನಕ-18ರ ಅಳತೆಗಳನ್ನು ಮುಂದಿಟ್ಟರು. ಅಲ್ಲೂ ಪ್ರವಾಹದಲ್ಲಿ ಹಳೆಯ ನೀರೇ ಹೆಚ್ಚು. ಅವರದೇ ಎರಡು ತೊಟ್ಟಿಗಳ ಮಾದರಿ ಹೇಳುತ್ತಿದ್ದುದಕ್ಕಿಂತ ಮಳೆಯ ಗುರುತು ತೊರೆಯಲ್ಲಿ ಬಹಳ ಮಂಕಾಗಿ ಕಾಣುತ್ತಿತ್ತು. ಹರಿವನ್ನೂ ಹುಳಿಯನ್ನೂ ಸರಿಯಾಗಿ ಹೇಳುತ್ತಿದ್ದ ಮಾದರಿ ನೀರಿನ ವಯಸ್ಸನ್ನು ಮಾತ್ರ ತಪ್ಪು ಹೇಳುತ್ತಿತ್ತು. ಮುಂದಿನ ಕೆಲವು ವರ್ಷಗಳಲ್ಲಿ ಈ ಗುಂಪು ತಮ್ಮ ಮಾದರಿಯಲ್ಲಿನ ಹೊಂದಿಸಬಹುದಾದ ಅಂಕಿಗಳು ಕೈಯಲ್ಲಿದ್ದ ಅಳತೆಗಳು ಸಮರ್ಥಿಸುವುದಕ್ಕಿಂತ ಹೆಚ್ಚು ಎಂದು ತಾವೇ ಬರೆಯಿತು. ಸಮುದ್ರದ ಉಪ್ಪು ಹೊತ್ತು ಬಂದ ಒಂದು ಮಳೆಯನ್ನೇ ಗುರುತಾಗಿ ಬಳಸಿಕೊಂಡು ಬಿರ್ಕೆನೆಸ್ ಕಣಿವೆಯ ನೀರಿನ ದಾರಿಗಳನ್ನು ಮತ್ತೆ ಹುಡುಕಿತು. ದಾವೆ ನಡೆಯುತ್ತಿರುವಾಗ, ಎದುರು ಪಕ್ಷ ಪ್ರತಿ ಪದವನ್ನೂ ತೂಗುತ್ತಿರುವಾಗ, ತಮ್ಮ ಸಾಕ್ಷಿಯ ದೌರ್ಬಲ್ಯವನ್ನು ತಾವೇ ಹೇಳುವುದು ಸಣ್ಣ ಸಂಗತಿಯಲ್ಲ.

ದಾವೆ ನಡೆಯುತ್ತಲೇ ಇತ್ತು. 1983ರಲ್ಲಿ ಬ್ರಿಟನ್ನಿನ ವಿದ್ಯುತ್ ಮಂಡಳಿ ಮತ್ತು ಕಲ್ಲಿದ್ದಲು ಮಂಡಳಿ 50 ಲಕ್ಷ ಪೌಂಡ್ ಕೊಟ್ಟು, ಬ್ರಿಟನ್, ನಾರ್ವೆ, ಸ್ವೀಡನ್‌ಗಳ ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವಂತೆ ಒಂದು ಸಂಶೋಧನೆಯನ್ನು ಘೋಷಿಸಿದವು; ಮುಖ್ಯಸ್ಥರು ಮೋಡಗಳ ವಿಜ್ಞಾನಿ ಸರ್ ಜಾನ್ ಮೇಸನ್. ಆರೋಪಿಯೇ ತನಿಖೆಗೆ ಹಣ ಕೊಟ್ಟಂತಾದ್ದರಿಂದ ಅನುಮಾನ ಏಳುವುದು ಸಹಜ. ಕಾಲಹರಣದ ಉಪಾಯವೆಂಬ ಮಾತೂ ಸಹಜ. 1985ರ ಹೆಲ್ಸಿಂಕಿ ಒಪ್ಪಂದದಲ್ಲಿ ಅನೇಕ ದೇಶಗಳು ಗಂಧಕದ ಹೊಗೆಯನ್ನು ಶೇ. 30ರಷ್ಟು ಇಳಿಸಲು ಒಪ್ಪಿದಾಗ ಬ್ರಿಟನ್ ಸಹಿ ಹಾಕಲಿಲ್ಲ. ಆದರೆ ಈ ಹಣದಿಂದಲೇ ಬಿರ್ಕೆನೆಸ್‌ನ ಮೇಲೆ ಹೇಳಿದ ಕೆಲಸದಲ್ಲಿ ಒಂದಷ್ಟು ನಡೆಯಿತು, ಉತ್ತರ ಸ್ವೀಡನ್ನಿನ ಸ್ವಾರ್ತ್‌ಬೆರ್ಯೆತ್ ಎಂಬ ಕಾಡುತೊರೆಯ ಅಧ್ಯಯನವೂ ನಡೆಯಿತು.

ಇತ್ತ ರಿಚರ್ಡ್ ರೈಟ್ ಬೇರೊಂದು ದಾರಿ ಹಿಡಿದರು. ದಕ್ಷಿಣ ನಾರ್ವೆಯ ರಿಸ್ದಾಲ್ಸ್‌ಹೈಯಾ ಎಂಬಲ್ಲಿ, ಸಾವಿರ ಚದರ ಮೀಟರಿಗಿಂತ ಕಡಿಮೆಯಿದ್ದ ಒಂದು ಪುಟ್ಟ ಜಲಾನಯನದ ಮೇಲೆ, ಮರಗಿಡಗಳ ಸಮೇತ, ಪಾರದರ್ಶಕ ಮಾಡನ್ನೇ ಕಟ್ಟಿಸಿದರು. ಹೊರಗಿನ ಹುಳಿ ಮಳೆ ಮಾಡಿನ ಮೇಲೆ ಬಿದ್ದು ಹೊರಹೋಗುತ್ತದೆ. ಒಳಗೆ ಶುದ್ಧ ನೀರಿಗೆ ಸಹಜ ಪ್ರಮಾಣದ ಸಮುದ್ರದ ಉಪ್ಪು ಬೆರೆಸಿ ಮಳೆಯಂತೆ ಸಿಂಪಡಿಸುತ್ತಾರೆ. 1984ರಲ್ಲಿ ಆರಂಭ. ಹೊಗೆಯೇ ಮುಟ್ಟದ ಪಶ್ಚಿಮ ನಾರ್ವೆಯ ಸೊಗ್ನ್‌ದಾಲ್ ಎಂಬಲ್ಲಿ ಇದಕ್ಕೆ ವಿರುದ್ಧ ಪ್ರಯೋಗ: ಶುದ್ಧ ನೆಲಕ್ಕೆ ಆಮ್ಲ ಸುರಿಯುವುದು. 1988ರಲ್ಲಿ ಫಲಿತಾಂಶ ಬಂತು. ಮಾಡಿನ ಕೆಳಗಿನ ನೆಲದಿಂದ ಹೊರಬರುವ ಸಲ್ಫೇಟ್ ಕೆಲವೇ ವರ್ಷಗಳಲ್ಲಿ ತೀವ್ರವಾಗಿ ಇಳಿದಿತ್ತು; ಆಮ್ಲ ಸುರಿದಲ್ಲಿ ಹರಿವ ನೀರು ಹುಳಿಯಾಗಿತ್ತು. ಮಣ್ಣು ಅದೇ, ಕಾಡು ಅದೇ. ಬದಲಾದದ್ದು ಮಳೆ ಮಾತ್ರ. ಆದರೆ ಮಾಡಿನ ಕೆಳಗೆ ಪಿಎಚ್ ಏರಿದ್ದು ಅತ್ಯಲ್ಪ; ಸಲ್ಫೇಟ್ ಬಿಟ್ಟ ಜಾಗಕ್ಕೆ ಕೊಳೆತ ಎಲೆಯ ಸಾವಯವ ಆಮ್ಲಗಳು ಬಂದು ಕೂತಿದ್ದವು. ಇಬ್ಬರೂ ವಾದಿಗಳಿಗೆ ಒಂದೊಂದು ತುತ್ತು.

ಬ್ರಿಟನ್ ಅಷ್ಟರಲ್ಲಿ ಮೆತ್ತಗಾಗಿತ್ತು. 1986ರ ಸೆಪ್ಟೆಂಬರಿನಲ್ಲಿ, ಮಾರ್ಗರೆಟ್ ಥ್ಯಾಚರ್ ನಾರ್ವೆಗೆ ಭೇಟಿ ಕೊಡುವ ಹೊತ್ತಿಗೆ, ಕೆಲವು ದೊಡ್ಡ ಸ್ಥಾವರಗಳಿಗೆ ಗಂಧಕ ತೆಗೆಯುವ ಯಂತ್ರಗಳನ್ನು ಅಳವಡಿಸುವ ನಿರ್ಧಾರ ಹೊರಬಿತ್ತು. ಓಸ್ಲೋದಲ್ಲಿ ಅವರಿಗೆ ಸಿಕ್ಕಿದ್ದು ಪ್ರತಿಭಟನೆಯ ಸ್ವಾಗತವೇ. 1994ರಲ್ಲಿ ಅದೇ ಓಸ್ಲೋದಲ್ಲಿ, ಒಂದೊಂದು ನೆಲದ ತಾಳಿಕೆಗೆ ತಕ್ಕಂತೆ ಹೊಗೆ ಇಳಿಸುವ ಹೊಸ ಒಪ್ಪಂದವಾಯಿತು. ಆ ಹೊತ್ತಿಗೆ ಬ್ರಿಟನ್ನೂ ಜೊತೆಗಿತ್ತು.

ಇನ್ನು ವಿಜ್ಞಾನದ ಗಂಟು. ಪ್ರವಾಹದ ನೀರು ಹಳೆಯದೇ ಆಗಿದ್ದರೆ, ಒಣ ದಿನಗಳಲ್ಲೂ ತೊರೆಗೆ ಹಳೆಯ ನೀರೇ ಬರುತ್ತಿದ್ದರೆ, ಎರಡರ ರಸಾಯನ ಏಕೆ ಇಷ್ಟು ಬೇರೆ? ಸ್ವಾರ್ತ್‌ಬೆರ್ಯೆತ್‌ನಲ್ಲಿ ಕೆವಿನ್ ಬಿಷಪ್, ಹರಾಲ್ಡ್ ಗ್ರಿಪ್ ಮೊದಲಾದವರು 1990ರ ಸುಮಾರಿಗೆ ಕೊಟ್ಟ ಉತ್ತರ ಸರಳ, ಸುಂದರ. ಮಣ್ಣಿನಲ್ಲಿ ಆಳಕ್ಕೆ ಹೋದಂತೆ ನೀರು ಹಾಯುವುದು ಕಷ್ಟ; ಮೇಲಿನ ಗೇಣು, ಎರಡು ಗೇಣಿನಲ್ಲಿ ಬೇರು, ಬಿರುಕುಗಳಿಂದಾಗಿ ಬಲು ಸುಲಭ. ಮಳೆ ಬಂದಾಗ ತೊರೆಯಂಚಿನಲ್ಲಿ ಅಂತರ್ಜಲದ ಮಟ್ಟ ಏರುತ್ತದೆ. ಮೇಲಿನ ಪದರಕ್ಕೆ ಮುಟ್ಟಿದೊಡನೆ ಅಡ್ಡಹರಿವು ಹಲವು ಪಟ್ಟು ವೇಗ ಪಡೆಯುತ್ತದೆ. ಹರಿಯುವ ನೀರು ಹಳೆಯದೇ. ಆದರೆ ಕೊನೆಯ ಕೆಲವು ಮೀಟರುಗಳನ್ನು ಅದು ದಾಟುವುದು ತೊರೆಯಂಚಿನ ಕಪ್ಪು ಹುಳಿಮಣ್ಣಿನ ಮೂಲಕ. ಕೊನೆಗೆ ಮುಟ್ಟಿದ ಮಣ್ಣಿನ ಗುಣವೇ ಅದರ ಗುಣ. ಎಷ್ಟು ದಿನದ ನೀರು ಎಂಬುದು ಒಂದು ಪ್ರಶ್ನೆ, ಯಾವ ಪದರದಲ್ಲಿ ಬಂತು ಎಂಬುದು ಬೇರೆಯೇ ಪ್ರಶ್ನೆ. ಅಷ್ಟು ವರ್ಷ ಇವೆರಡನ್ನೂ ಒಂದೆಂದು ತಿಳಿದದ್ದರಿಂದಲೇ ಗೊಂದಲ. ವೇಲ್ಸ್‌ನ ಪ್ಲಿನ್‌ಲಿಮನ್ ಬೆಟ್ಟದಲ್ಲಿ, ಸೆವರ್ನ್ ನದಿಯ ಹುಟ್ಟಿನ ಬಳಿಯ ನೆಡುತೋಪಿನ ತೊರೆಗಳನ್ನು ಕಾಲಿನ್ ನೀಲ್ ದಶಕಗಳ ಕಾಲ ಅಳೆದರು; ಆ ದಾಖಲೆಯೊಂದಿಗೆ ಕೆಲಸ ಮಾಡಿದ ಜೇಮ್ಸ್ ಕಿರ್ಚ್‌ನರ್ 2003ರಲ್ಲಿ ಇದನ್ನೇ ‘ಜೋಡಿ ಒಗಟು’ ಎಂದು ಕರೆದರು: ತಿಂಗಳುಗಟ್ಟಲೆ ನೆಲದಲ್ಲಿ ಕೂತ ನೀರು ಮಳೆ ಬಂದ ಗಂಟೆಗಳಲ್ಲಿ ಹೊರಬರುವುದು ಒಂದು; ಹಾಗೆ ಬಂದ ಹಳೆ ನೀರಿನ ರಸಾಯನ ಹರಿವಿನೊಂದಿಗೆ ಬದಲಾಗುವುದು ಇನ್ನೊಂದು.

ಒಗಟಿಗೆ ಹಣದ ಮುಖವೂ ಇತ್ತು. ಸ್ವೀಡನ್ 1977ರಿಂದ ಸಾವಿರಾರು ಕೆರೆ, ತೊರೆಗಳಿಗೆ ಸುಣ್ಣದ ಪುಡಿ ಸುರಿಯುತ್ತ ಬಂದಿತ್ತು. ಉತ್ತರ ಸ್ವೀಡನ್ನಿನಲ್ಲಿ ವಸಂತದ ಪ್ರವಾಹಕ್ಕೆ ತೊರೆಗಳು ಹುಳಿಯಾಗುವುದಕ್ಕೆ ಹೊಗೆಯ ಪಾಲೆಷ್ಟು, ಕಾಡಿನ ಪಾಲೆಷ್ಟು ಎಂದು ಯಾಲ್ಮಾರ್ ಲೌದೋನ್ ಮತ್ತು ಬಿಷಪ್ 2000ದ ಸುಮಾರಿಗೆ ಬಿಡಿಸಿ ನೋಡಿದರು. ಬಹುಪಾಲು ಇಳಿತ ಸಹಜವಾದದ್ದು: ಹಿಮನೀರಿನಿಂದ ತೆಳುವಾಗುವುದು ಮತ್ತು ಸಾವಯವ ಆಮ್ಲ ತೊಳೆದುಬರುವುದು. ಅಲ್ಲಿ ಸುಣ್ಣ ಸುರಿದದ್ದು ಎಷ್ಟೋ ಕಡೆ ಕಾಯಿಲೆಯೇ ಇಲ್ಲದವರಿಗೆ ಕೊಟ್ಟ ಔಷಧ. ರೋಸೆನ್‌ಕ್ವಿಸ್ತ್ ಹೇಳಿದ್ದು ದಕ್ಷಿಣ ನಾರ್ವೆಗೆ ತಪ್ಪಾಗಿತ್ತು. ಅಲ್ಲಿಂದ ನೂರಾರು ಕಿಲೋಮೀಟರ್ ಉತ್ತರದಲ್ಲಿ ಬಹುಮಟ್ಟಿಗೆ ನಿಜವಾಗಿತ್ತು.

ತೋವ್ದಾಲ್ ನದಿಗೆ 1996ರಿಂದ ಸುಣ್ಣ ಸುರಿಯುತ್ತಿದ್ದಾರೆ. ಅಲ್ಲಿ ಅದು ಬೇಕಿತ್ತು. ಸಾಲ್ಮನ್ ಮರಳಿ ಬಂದಿದೆ. ದಕ್ಷಿಣ ನಾರ್ವೆಯ ಮಳೆಯಲ್ಲಿ ಹೊಗೆಯ ಸಲ್ಫೇಟ್ 1980ಕ್ಕೆ ಹೋಲಿಸಿದರೆ ಮುಕ್ಕಾಲು ಪಾಲಿಗಿಂತ ಹೆಚ್ಚು ಇಳಿದಿದೆ. ಸಲ್ಫೇಟ್ ಇಳಿದಂತೆ ಸಾವಯವ ಪದಾರ್ಥ ಹೆಚ್ಚು ಕರಗಿ ಬರುತ್ತ, ಯುರೋಪಿನ, ಉತ್ತರ ಅಮೆರಿಕದ ಎಷ್ಟೋ ತೊರೆಗಳೂ ಕೆರೆಗಳೂ ಮತ್ತೆ ಕಂದುಬಣ್ಣಕ್ಕೆ ತಿರುಗುತ್ತಿವೆ. ಹೊಗೆಗೆ ಮೊದಲು ಅವು ಇದ್ದ ಬಣ್ಣ ಇದೇ ಇರಬೇಕು. ಬಿರ್ಕೆನೆಸ್‌ನ ಒಡ್ಡಿನ ಬಳಿ ನೀರು ಹಿಡಿದು ಅಳೆಯುವುದು ಇಂದಿಗೂ ನಿಂತಿಲ್ಲ. ಶರತ್ಕಾಲದ ದೊಡ್ಡ ಮಳೆಗೆ ಅಲ್ಲಿನ ತೊರೆ ಈಗಲೂ ಹುಳಿಯಾಗುತ್ತದೆ. ಅದರೊಂದಿಗೆ ಹೊರಬರುವ ಅಲ್ಯೂಮಿನಿಯಂ ಮಾತ್ರ ಮೊದಲಿಗಿಂತ ಬಹಳ ಕಡಿಮೆ.